ಮೊದ್ಲು ಅಳು, ಆಮೇಲೆ ಧ್ಯಾನ: ಟ್ರಾನ್ಸ್‌ಪರ್ಸನಲ್ ಥೆರಪಿನ ನಮ್ಮೂರಲ್ಲಿದ್ದುಕೊಂಡೇ ಶುರು ಮಾಡೋದು ಹೇಗೆ

ಅಪ್ಪನ ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಊಟ ಮಾಡಿ ಎದ್ದ ಮೇಲೆ ದೊಡ್ಡಪ್ಪ ನನ್ನ ಪಕ್ಕಕ್ಕೆ ಕರೆದು "ಇನ್ಮೇಲೆ ಅಳ್ಬಾರ್ದು ಮಗಾ, ನೀನು ಅತ್ರೆ ಆ ಜೀವಕ್ಕೆ ದಾರಿ ಸಿಗಲ್ಲ" ಅಂದ್ರು. ಪ್ರೀತಿಯಿಂದ್ಲೇ ಹೇಳಿದ್ದು, ಅವರ ಕಣ್ಣೂ ಒದ್ದೆ ಇತ್ತು. ನಾನು ಆ ಮಾತನ್ನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡೆ ಅಂದ್ರೆ ಎಂಟು ತಿಂಗಳು ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ, ಹಾಸನದಲ್ಲಿ ಕಾಲೇಜಿಗೆ ಹೋದೆ, ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡ್ದೆ, ಬೆಳಗ್ಗೆ ಸಂಜೆ ಧ್ಯಾನಕ್ಕೆ ಕೂತೆ, ಮೊಬೈಲಲ್ಲಿ ಪ್ರವಚನ ಕೇಳ್ದೆ, ಎಲ್ಲರೂ ಎಷ್ಟು ಗಟ್ಟಿ ಹೆಣ್ಮಗಳು ಅಂತ ಹೊಗಳಿದ್ರು. ಒಂಬತ್ತನೇ ತಿಂಗಳಲ್ಲಿ ಹೊಳೆನರಸೀಪುರದಿಂದ ಬರೋ ಬಸ್ಸಲ್ಲಿ ಕೂತಿದ್ದಾಗ ಕೈ ನಡುಗೋಕೆ ಶುರುವಾಯ್ತು, ಉಸಿರು ಸಿಗ್ತಿಲ್ಲ, ಇಲ್ಲೇ ಸತ್ತೋಗ್ತೀನಿ ಅನ್ನಿಸ್ತು. ಇಸಿಜಿ ಮಾಡ್ಸಿದ್ರೆ ಎಲ್ಲಾ ನಾರ್ಮಲ್. ಅದು ಪ್ಯಾನಿಕ್, ಅಂದ್ರೆ ಇದ್ದಕ್ಕಿದ್ದಂಗೆ ಮೈಯನ್ನೇ ಹಿಡಿಯೋ ಭಯ, ಅಂತ ಆಮೇಲೆ ಗೊತ್ತಾಯ್ತು.

ಅದಾಗಿ ನಾಲ್ಕು ವರ್ಷ ಆಯ್ತು. ಮಧ್ಯದಲ್ಲಿ ಒಂದು ಮೌನ ಶಿಬಿರಕ್ಕೆ ಹೋಗಿ ಇನ್ನೂ ಕೆಟ್ಟೆ (ಅದನ್ನ ಮುಂದೆ ಹೇಳ್ತೀನಿ), ಆಮೇಲೆ ಡಾಕ್ಟರ್, ಮಾತ್ರೆ, ಆಮೇಲೆ ಒಬ್ರು ಒಳ್ಳೆ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಕ್ಕಿದ್ರು, ಅವರು ಕೆಲಸ ಮಾಡೋ ರೀತಿಗೆ ಟ್ರಾನ್ಸ್‌ಪರ್ಸನಲ್ ಸೈಕೋಥೆರಪಿ ಅಂತ ಹೆಸರು. ನಾನು ಹುಷಾರಾಗಿದ್ದು ನೋಡಿ ನಮ್ಮ ಕಾಲೇಜಿನೋರು, ನೆಂಟರು, ನೆಂಟರ ನೆಂಟರು ಎಲ್ಲಾ ಕೇಳ್ತಾರೆ, ಅದೇನದು, ಹೆಂಗೆ ಶುರು ಮಾಡೋದು, ನಮ್ಮ ಕಡೆ ಸಿಗುತ್ತಾ ಅಂತ. ಒಬ್ಬೊಬ್ರಿಗೆ ಹೇಳೋ ಬದ್ಲು ಒಂದ್ಸಲ ಕೂತು ಬರೀತಿದೀನಿ. ನಾನು ಥೆರಪಿಸ್ಟ್ ಅಲ್ಲ, ಈ ದಾರೀಲಿ ನಡೆದೋಳು, ಅಷ್ಟನ್ನ ಮನಸ್ಸಲ್ಲಿ ಇಟ್ಕೊಂಡು ಓದಿ.

ಮೊದ್ಲು ಅದೇನು ಅಂತ ನೋಡೋಣ. ಟ್ರಾನ್ಸ್‌ಪರ್ಸನಲ್ ಅಂದ್ರೆ "ನಾನು ಇಂಥವನು, ಇಂಥವಳು" ಅನ್ನೋ ಗಡಿ ದಾಟಿದ್ದು. ಸಾಮಾನ್ಯ ಥೆರಪೀಲಿ ನಿಮ್ಮ ಯೋಚನೆ, ಬಾಲ್ಯ, ಸಂಬಂಧ, ಅಭ್ಯಾಸ ಇವುಗಳ ಮೇಲೆ ಕೆಲಸ ನಡೆಯುತ್ತೆ. ಇಲ್ಲಿ ಅದೆಲ್ಲ ಇದ್ದೇ ಇರುತ್ತೆ, ಜೊತೆಗೆ ಸಾವು, ಬದುಕಿನ ಅರ್ಥ, ಭಕ್ತಿ, ಧ್ಯಾನದಲ್ಲಿ ಆಗೋ ಅನುಭವ, ನನಗಿಂತ ದೊಡ್ಡದೊಂದಕ್ಕೆ ಸೇರಿದೀನಿ ಅನ್ನೋ ಭಾವ, ಇವನ್ನೂ ಥೆರಪಿ ರೂಮಿನ ಒಳಗೆ ತರಬಹುದು. ದೇವರ ಮಾತೆತ್ತಿದ್ರೆ ನಿಮ್ಮನ್ನ ವಿಚಿತ್ರವಾಗಿ ನೋಡಲ್ಲ, ದೇವರನ್ನ ನಂಬಲ್ಲ ಅಂದ್ರೂ ತೊಂದ್ರೆ ಇಲ್ಲ.

ಇದನ್ನ ಕಟ್ಟಿದವರು ಮುಖ್ಯವಾಗಿ 1960ರ ದಶಕದ ಕೊನೇಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸೇರಿದ ಕೆಲವು ಜನ. ಅದ್ರಲ್ಲಿ ಅಬ್ರಹಾಂ ಮಾಸ್ಲೊ ಹೆಸರು ಬಿ.ಎಡ್ ಮಾಡಿದೋರಿಗೆಲ್ಲ ಗೊತ್ತು, ಅನ್ನ ನೀರಿಂದ ಶುರುವಾಗಿ ಮೇಲಕ್ಕೆ ಹೋಗೋ ಅಗತ್ಯಗಳ ಪಿರಮಿಡ್ಡನ್ನ ನಾವೆಲ್ಲ ಪರೀಕ್ಷೆಗೆ ಉರು ಹೊಡೆದಿದೀವಿ. ನಮ್ಮ ನೋಟ್ಸಲ್ಲಿ ಇಲ್ಲದೇ ಇದ್ದಿದ್ದು ಏನಂದ್ರೆ, 1970ರಲ್ಲಿ ತೀರಿಕೊಳ್ಳೋಕೆ ಮುಂಚಿನ ವರ್ಷಗಳಲ್ಲಿ ಮಾಸ್ಲೊ ಆ ತುದಿಯ ಆಚೆಗೂ ಒಂದಿದೆ ಅಂತ ಬರೆದ್ರು, ಮನುಷ್ಯ ತನ್ನನ್ನೇ ದಾಟಿ ಹೋಗೋ ಅಗತ್ಯ. ಅವರ ಜೊತೆ ಆಂಥೊನಿ ಸುಟಿಚ್ ಅಂತ ಇದ್ರು. ಹದಿಹರೆಯದಲ್ಲಿ ಬೇಸ್‌ಬಾಲ್ ಆಡುವಾಗ ಪೆಟ್ಟು ಬಿದ್ದು ಕೀಲುಗಳೆಲ್ಲ ಬಿಗಿದು ಮಲಗಿದಲ್ಲೇ ಆದ್ರು, ಮಲಗಿದಲ್ಲಿಂದಲೇ ಜನರಿಗೆ ಕೌನ್ಸೆಲಿಂಗ್ ಮಾಡಿದ್ರು, 1969ರಲ್ಲಿ ಶುರುವಾದ ಈ ಶಾಖೆಯ ಮೊದಲ ಪತ್ರಿಕೆಗೆ ಅವರೇ ಸಂಪಾದಕರು. ದೇಹವೇ ಎಲ್ಲಾ ಅಲ್ಲ ಅನ್ನೋ ಮಾತನ್ನ ಹಾಸಿಗೆ ಮೇಲಿಂದ ಹೇಳಿದ ಮನುಷ್ಯ, ನಂಗೆ ಅವರ ಮೇಲೆ ತುಂಬಾ ಗೌರವ ಇದೆ. ಸ್ಟಾನಿಸ್ಲಾವ್ ಗ್ರೋಫ್ ಇನ್ನೊಬ್ರು, ಜೆಕ್ ಮೂಲದ ಮನೋವೈದ್ಯ. ಇವರಿಗೂ ಮುಂಚೆ ಇಟಲಿಯ ಮನೋವೈದ್ಯ ರಾಬರ್ಟೊ ಅಸಾಜಿಯೋಲಿ ಇದೇ ದಿಕ್ಕಲ್ಲಿ ಸೈಕೋಸಿಂಥೆಸಿಸ್ ಅನ್ನೋ ಪದ್ಧತಿ ಕಟ್ಟಿದ್ರು, ನಾನು ಮುಂದೆ ಹೇಳೋ ಎರಡು ಅಭ್ಯಾಸ ಅವರದ್ದೇ.

ಒಂದು ಮಾತು ನೇರವಾಗಿ ಹೇಳ್ಬಿಡ್ತೀನಿ. ಡಿಪ್ರೆಶನ್ನಿಗೆ, ಪ್ಯಾನಿಕ್ಕಿಗೆ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋದರ ಮೇಲೆ ಕೆಲಸ ಮಾಡೋ ಥೆರಪಿ) ಥರದ ಥೆರಪಿಗಳ ಹಿಂದೆ ಇರೋ ಸಂಶೋಧನೆಯ ಬಲ ಇದಕ್ಕಿಲ್ಲ. ಇದು ಮುಖ್ಯವಾಹಿನಿಯ ಹೊರಗೇ ಬೆಳೆದ ಶಾಖೆ, ಟೀಕೆಗಳೂ ಇವೆ. ಹಂಗಾಗಿ ಮಾತ್ರೆ ಬಿಟ್ಟು ಇದಕ್ಕೆ ಬನ್ನಿ ಅಂತ ಯಾರಾದ್ರೂ ಹೇಳಿದ್ರೆ ಅವರ ಮಾತು ಕೇಳ್ಬೇಡಿ. ನಂಗೆ ಮೊದ್ಲು ನಿದ್ದೆ ತಂದಿದ್ದು ಮಾತ್ರೆ, ಪ್ಯಾನಿಕ್ ಇಳಿಸಿದ್ದು ಸಾಮಾನ್ಯ ಥೆರಪಿ. ಅಪ್ಪ ಎಲ್ಲಿಗೆ ಹೋದ್ರು, ನಾನ್ಯಾಕೆ ಇನ್ನೂ ಇದೀನಿ ಅನ್ನೋ ಪ್ರಶ್ನೆ ಮಾತ್ರ ಅವೆರಡೂ ಆದ ಮೇಲೂ ಉಳೀತು, ಅದಕ್ಕೆ ಜಾಗ ಸಿಕ್ಕಿದ್ದು ಇಲ್ಲಿ.

ಶುರು ಮಾಡೋ ಮುಂಚೆ ನಿಮ್ಮನ್ನ ನೀವೇ ಒಂದಷ್ಟು ಕೇಳ್ಕೊಳ್ಳಿ. ನಿದ್ದೆ ಎರಡು ವಾರದಿಂದ ಕೆಟ್ಟಿದ್ಯಾ, ಊಟ ಸೇರ್ತಿಲ್ವಾ, ಬದುಕೋದೇ ಬೇಡ ಅನ್ನಿಸ್ತಿದ್ಯಾ, ಬೇರೆ ಯಾರಿಗೂ ಕೇಳಿಸ್ದೇ ಇರೋದು ನಿಮಗೆ ಕೇಳಿಸ್ತಿದ್ಯಾ, ದಿನಾ ಕುಡಿಯದೇ ಇರೋಕಾಗ್ತಿಲ್ವಾ. ಇದ್ರಲ್ಲಿ ಒಂದಕ್ಕೆ ಹೌದು ಅಂದ್ರೂ ಮೊದ್ಲು ಮನೋವೈದ್ಯರ ಹತ್ರ ಹೋಗಿ, ಈ ಬರಹ ಆಮೇಲೆ ಓದಿದ್ರೂ ಆಗುತ್ತೆ. ಹಾಸನದ ಹಿಮ್ಸ್‌ನಲ್ಲಿ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಮನೋವೈದ್ಯಕೀಯ ವಿಭಾಗ ಇದೆ, ಓಪಿಡಿ ಚೀಟಿ ಮಾಡಿಸಿ ಹೋಗ್ಬಹುದು. ರಾತ್ರಿ ಹೊತ್ತು ತಡ್ಕೊಳ್ಳೋಕಾಗ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು. ಥೈರಾಯ್ಡು, ಬಿ12, ಹಿಮೋಗ್ಲೋಬಿನ್ ಕೂಡ ಒಂದ್ಸಲ ನೋಡಿಸಿ, ಇವು ಕಮ್ಮಿ ಜಾಸ್ತಿ ಆದಾಗಲೂ ಮನಸ್ಸು ಕುಗ್ಗುತ್ತೆ. ನಿಮಗೋ ನಿಮ್ಮ ಮನೇಲಿ ರಕ್ತ ಸಂಬಂಧಿಗಳಿಗೋ ಬೈಪೋಲಾರ್ (ಮನಸ್ಸು ಅತಿಯಾಗಿ ಉಬ್ಬೋದು, ಅತಿಯಾಗಿ ಕುಗ್ಗೋದು) ಅಥವಾ ಸೈಕೋಸಿಸ್ (ಇಲ್ಲದ್ದು ಕಾಣೋದು, ಕೇಳಿಸೋದು) ಆಗಿದ್ದಿದ್ರೆ ಅದನ್ನ ಮುಚ್ಚಿಡದೇ ಹೇಳಿ, ಅಂಥವರು ಗಂಟೆಗಟ್ಲೆ ಧ್ಯಾನ, ಜೋರು ಉಸಿರಾಟದ ಅಭ್ಯಾಸ ಸ್ವಂತವಾಗಿ ಮಾಡಲೇಬಾರ್ದು. ಗ್ರೋಫ್ ದಂಪತಿ ರೂಪಿಸಿದ ಹೊಲೊಟ್ರೋಪಿಕ್ ಉಸಿರಾಟ ಅಂತ ಒಂದಿದೆ, ಕೆಲವು ಕಡೆ ವೀಕೆಂಡ್ ಕಾರ್ಯಕ್ರಮದಲ್ಲಿ ಮಾಡಿಸ್ತಾರೆ. ಗರ್ಭಿಣಿಯರು, ಹಾರ್ಟ್ ತೊಂದರೆ, ಮೂರ್ಛೆ ರೋಗ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರೋರು ಅದರ ಹತ್ರ ಹೋಗ್ಬಾರ್ದು.

ಇನ್ನು ಅಭ್ಯಾಸಕ್ಕೆ ಬರೋಣ. ಎಲ್ಲದಕ್ಕಿಂತ ಮೊದಲು ನೋವಿನ ಹತ್ರ ಕೂರೋದು. ದೊಡ್ಡ ದೊಡ್ಡ ಅನುಭವ, ಶಾಂತಿ, ಆನಂದ ಎಲ್ಲಾ ಆಮೇಲೆ ಬರುತ್ತೆ ಅಥವಾ ಬರಲ್ಲ, ಅದರ ಚಿಂತೆ ಬೇಡ. ವಾರಕ್ಕೆ ಮೂರು ದಿನ, 20 ನಿಮಿಷ ಸಾಕು. ಮನೇಲಿ ಒಂದು ಮೂಲೆ ನೋಡ್ಕೊಳ್ಳಿ, ದೇವರ ಮನೆ ಬೇಡ ಅನ್ನೋದು ನನ್ನ ಅನಿಸಿಕೆ, ಯಾಕಂದ್ರೆ ಅಲ್ಲಿ ಕೂತ ತಕ್ಷಣ ನಾವು ಒಳ್ಳೆಯವರಾಗಿಬಿಡ್ತೀವಿ, ಸಿಟ್ಟು ಹೊಟ್ಟೆಕಿಚ್ಚು ಎಲ್ಲಾ ಅಡಗಿ ಕೂರುತ್ತೆ. ಕಣ್ಣು ಅರ್ಧ ಮುಚ್ಚಿ, ಮೈಯಲ್ಲಿ ಎಲ್ಲಿ ಬಿಗಿ ಇದೆ ಅಂತ ನೋಡಿ. ಆಮೇಲೆ ಅದಕ್ಕೆ ಒಂದು ಹೆಸರು ಕೊಡಿ. ಸ್ಟ್ರೆಸ್, ಟೆನ್ಷನ್, ಡಿಪ್ರೆಶನ್ ಅನ್ನೋ ಮೂರು ಪದಗಳನ್ನ ದಯವಿಟ್ಟು ಆ 20 ನಿಮಿಷ ಪಕ್ಕಕ್ಕಿಡಿ.

ನಮ್ಮ ಭಾಷೇಲಿ ಇದಕ್ಕೆ ಎಷ್ಟು ಪದ ಇದೆ ಗೊತ್ತಾ. ತಳಮಳ ಬೇರೆ, ಕಸಿವಿಸಿ ಬೇರೆ, ದಿಗಿಲು ಬೇರೆ, ಅಳುಕು ಬೇರೆ. ಸಂಕಟ ಅಂದ್ರೆ ಹೊಟ್ಟೇಲಿ ಆಗೋದು, ಉಮ್ಮಳ ಗಂಟಲಿಗೆ ಬಂದು ನಿಲ್ಲೋದು. ರೇಜಿಗೆ, ಬೇಜಾರು, ಬೇಸರ ಮೂರೂ ಒಂದೇ ಅಂತ ಅನ್ಕೊಂಡಿದ್ದೆ, ಕೂತು ನೋಡಿದ ಮೇಲೆ ಮೂರೂ ಮೂರು ಜಾಗದಲ್ಲಿ ಇರೋದು ಗೊತ್ತಾಯ್ತು. ಎದೆ ಭಾರ, ಹೊಟ್ಟೆ ಉರಿ, ಕರುಳು ಚುರ್ ಅನ್ನೋದು, ಕೈಕಾಲು ಬಿದ್ದೋಗೋದು, ಜೀವ ಬಾಯಿಗೆ ಬರೋದು, ನಮ್ಮ ಅಜ್ಜಿಯರು ಮನಸ್ಸಿನ ನೋವನ್ನ ಮೈಯ ಯಾವ ಭಾಗದಲ್ಲಿದೆ ಅಂತ ತೋರಿಸಿಯೇ ಹೇಳ್ತಿದ್ರು. ನನ್ನ ಥೆರಪಿಸ್ಟ್ ಮೊದಲನೇ ಸಲ "ಏನಾಗ್ತಿದೆ" ಅಂತ ಕೇಳ್ದಾಗ ಆಂಗ್ಸೈಟಿ ಅಂದೆ, ಅವರು "ಅದು ಡಾಕ್ಟ್ರ ಚೀಟೀಲಿರೋ ಪದ, ನಿಮ್ಮ ಅಮ್ಮನಿಗೆ ಹೇಳೋದಾದ್ರೆ ಏನಂತ ಹೇಳ್ತೀರಿ" ಅಂದ್ರು. ನಾನು ಸುಮಾರು ಹೊತ್ತು ಸುಮ್ನಿದ್ದು "ಹೊಟ್ಟೇಲಿ ಏನೋ ಕಿವುಚಿದಂಗೆ ಆಗುತ್ತೆ" ಅಂದೆ. ಅಂದಿದ್ದೇ ತಡ, ಅಪ್ಪ ಕಣ್ಮುಂದೆ ಬಂದ್ರು. ಚಳಿಗಾಲದಲ್ಲಿ ಸೊಗಡವರೆ ಬಂದಾಗ ರಾತ್ರಿ ನೆನೆಸಿಟ್ಟ ಕಾಳನ್ನ ಬೆಳಗ್ಗೆ ಪೇಪರ್ ಓದ್ತಾ ಓದ್ತಾ ಬೆರಳಲ್ಲಿ ಹಿತಕಿ ಹಿತಕಿ ಪಾತ್ರೆಗೆ ಹಾಕೋರು, ಅದು ಅವರ ಕೆಲಸ, ಅಮ್ಮನಿಗೆ ಮಾಡೋಕೆ ಬಿಡ್ತಿರ್ಲಿಲ್ಲ. ಅವತ್ತು ಅತ್ಬಿಟ್ಟೆ. ಎಂಟು ತಿಂಗಳದ್ದೂ ಸೇರಿಸಿ ಅತ್ತೆ, ಫೋನಿನ ಆ ಕಡೆ ಅವರು ಒಂದ್ ಮಾತೂ ಆಡದೇ ಕೂತಿದ್ರು.

ಹೆಸರು ಸಿಕ್ಕ ಮೇಲೆ ಅದನ್ನ ಓಡಿಸೋಕೆ ಹೋಗ್ಬೇಡಿ, ಅರ್ಥ ಹುಡುಕೋಕೂ ಹೋಗ್ಬೇಡಿ. ಉಸಿರಾಡ್ತಾ ಅದರ ಪಕ್ಕ ಇರಿ. ಹತ್ತರಲ್ಲಿ ಎಷ್ಟು ಜೋರಿದೆ ಅಂತ ಒಂದು ನಂಬರ್ ಕೊಡಿ, ಏಳರ ಮೇಲೆ ಹೋದ್ರೆ ನಿಲ್ಲಿಸಿ, ಕಣ್ಣು ಬಿಟ್ಟು ಎದ್ದು ನೀರು ಕುಡಿದು ಓಡಾಡಿ. ತಡ್ಕೊಳ್ಳೋ ಅಷ್ಟನ್ನ ಮಾತ್ರ ತಡ್ಕೊಳ್ಳಿ, ಇದ್ರಲ್ಲಿ ಹಠ ಮಾಡೋದು ತಪ್ಪು.

ಇದನ್ನ ಒಂದು ತಿಂಗಳು ಮಾಡಿದ ಮೇಲೆ ಎರಡನೇ ಅಭ್ಯಾಸ. ಅಸಾಜಿಯೋಲಿ ಇದನ್ನ ತುಂಬಾ ಸರಳವಾದ ವಾಕ್ಯಗಳಲ್ಲಿ ಇಟ್ಟಿದಾರೆ. ನನಗೆ ದೇಹ ಇದೆ, ಆದ್ರೆ ನಾನು ಬರೀ ದೇಹ ಅಲ್ಲ. ನನಗೆ ಭಾವನೆಗಳಿವೆ, ನಾನು ಆ ಭಾವನೆ ಅಲ್ಲ. ನನಗೆ ಬುದ್ಧಿ ಇದೆ, ನಾನು ಆ ಬುದ್ಧಿ ಅಲ್ಲ. ಇದೆಲ್ಲವನ್ನ ನೋಡ್ತಾ ಇರೋದು, ಏನು ಮಾಡ್ಬೇಕು ಅಂತ ಆರಿಸಿಕೊಳ್ಳೋದು ಯಾವುದಿದೆಯೋ ಅದು ನಾನು. ಒಂದೊಂದನ್ನೂ ಎರಡು ಮೂರು ನಿಮಿಷ ನಿಧಾನಕ್ಕೆ, ಮೊದಲ ಭಾಗಕ್ಕೆ ಪೂರ್ತಿ ಮರ್ಯಾದೆ ಕೊಟ್ಟು. ದೇಹ ಇದೆ ಅನ್ನುವಾಗ ಅದು ಇವತ್ತು ದಣಿದಿದೆ, ಅದಕ್ಕೆ ಊಟ ನಿದ್ದೆ ಬೇಕು ಅನ್ನೋದನ್ನ ಒಪ್ಕೊಂಡು ಆಮೇಲೆ ಮುಂದಕ್ಕೆ. ದೇಹವನ್ನ ಬೈದು ದಾಟೋದಲ್ಲ ಇದು. ಅಸಾಜಿಯೋಲಿ ಅವರನ್ನ 1940ರಲ್ಲಿ ಮುಸೊಲಿನಿ ಸರ್ಕಾರ ರೋಮಿನ ಜೈಲಿಗೆ ಹಾಕಿತ್ತು, ಸುಮಾರು ಒಂದು ತಿಂಗಳು. ಅಲ್ಲಿದ್ದಾಗ ಈ ಸೆರೆಯನ್ನ ಹೇಗೆ ತಗೋಬೇಕು ಅನ್ನೋದು ನನ್ನ ಕೈಲೇ ಇದೆ ಅಂತ ಅವರಿಗೆ ಅನುಭವಕ್ಕೆ ಬಂತಂತೆ, ಹಂಗಾಗಿ ಈ ವಾಕ್ಯಗಳು ಆರಾಮ್ ಕುರ್ಚಿ ಮೇಲೆ ಹುಟ್ಟಿದ್ದಲ್ಲ ಅಂತ ನಂಗೆ ನಂಬಿಕೆ.

ನಮಗೆ ಇದ್ರಲ್ಲಿ ಒಂದು ಅನುಕೂಲ ಇದೆ. ಕನ್ನಡದಲ್ಲಿ ನಾವು ಹೇಳೋದೇ "ನಂಗೆ ಕೋಪ ಬಂತು", "ನಂಗೆ ಭಯ ಆಗ್ತಿದೆ", "ನಂಗೆ ಬೇಜಾರಾಗಿದೆ" ಅಂತ. ಕೋಪ ಎಲ್ಲಿಂದಲೋ ನನ್ನ ಹತ್ರ ಬಂತು, ಬಂದಿದ್ದು ಹೋಗುತ್ತೆ, ನಾನು ಬೇರೆ ಅದು ಬೇರೆ ಅನ್ನೋದು ವಾಕ್ಯದೊಳಗೇ ಇದೆ. ನಮ್ಮ ಕಾಲೇಜಿನ ಮಕ್ಕಳು ಬಂದು "ಮ್ಯಾಮ್ ಐ ಆಮ್ ಡಿಪ್ರೆಸ್ಡ್" ಅಂತಾರೆ, ನಾನಂದ್ರೇ ಅದು ಅನ್ನೋ ಥರ. ಅದನ್ನೇ ಕನ್ನಡದಲ್ಲಿ ಹೇಳು ಅಂತೀನಿ, "ನಂಗೆ ಮನಸ್ಸು ಕುಗ್ಗಿದೆ ಮ್ಯಾಮ್" ಅಂತಾರೆ, ಹೇಳುವಾಗಲೇ ಭುಜ ಸ್ವಲ್ಪ ಇಳಿಯೋದು ಕಾಣ್ಸುತ್ತೆ. ಕಾಯಿಲೆ ವಾಸಿ ಆಗುತ್ತೆ ಅಂತ ಹೇಳ್ತಿಲ್ಲ. ಉಸಿರಾಡೋಕೆ ಒಂದಿಷ್ಟು ಜಾಗ ಆಗುತ್ತೆ.

ಸಕಲೇಶಪುರದ ಕಡೆ ನನ್ನ ಚಿಕ್ಕಪ್ಪನ ಮಗ ಇದಾನೆ, ಕಾಫಿ ತೋಟ, ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ. ಹಣ್ಣು ಕುಯ್ಯೋ ಟೈಮಲ್ಲಿ ಮಳೆ, ಕಣದಲ್ಲಿ ಹಾಕಿದ್ದು ನೆನೀತು, ಆಳು ಸಿಗಲ್ಲ, ಆನೆ ಕಾಟ, ಬ್ಯಾಂಕ್ ಕಂತು, ರಾತ್ರಿ ಮೂರು ಗಂಟೆಗೆದ್ದು ಮೊಬೈಲಲ್ಲಿ ರೇಟ್ ನೋಡೋನು. ಅವನಿಗೆ ಈ ಅಭ್ಯಾಸ ಹೇಳಿಕೊಟ್ಟು "ನಂಗೆ ತೋಟ ಇದೆ, ನಾನು ತೋಟ ಅಲ್ಲ" ಅಂತ ಹೇಳಪ್ಪ ಅಂದ್ರೆ ಸಿಟ್ಟು ಮಾಡ್ಕೊಂಡ, "ಮೂರು ತಲೆಮಾರಿಂದು ಇದು, ತೋಟ ಬಿಟ್ರೆ ನಾನ್ಯಾರು" ಅಂತ ಎದ್ದು ಹೋದ. ನಾನೂ ಸುಮ್ನಾದೆ, ಅವನು ಹೇಳಿದ್ರಲ್ಲಿ ತಪ್ಪಿಲ್ಲ, ಆ ನೆಲದಲ್ಲಿ ಅವನ ಅಜ್ಜನ ಬೆವರಿದೆ. ಒಂದು ವಾರ ಬಿಟ್ಟು ಅವನೇ ಫೋನ್ ಮಾಡಿ, "ಅಕ್ಕ, ತೋಟದ್ದು ಆಗ್ಲಿಲ್ಲ, ಆದ್ರೆ ನಂಗೆ ಸಾಲ ಇದೆ, ನಾನು ಸಾಲ ಅಲ್ಲ ಅಂತ ಹೇಳ್ಕೊಂಡೆ, ಅವತ್ತು ನಿದ್ದೆ ಬಂತು" ಅಂದ. ಹಂಗಾಗಿ ವಾಕ್ಯ ನಿಮ್ಮದೇ ಇರಲಿ. ಮಾರ್ಕ್ಸ್ ಇದೆ, ನಾನು ಮಾರ್ಕ್ಸ್ ಅಲ್ಲ. ಡೈವೋರ್ಸ್ ಆಗಿದೆ, ನಾನು ಡೈವೋರ್ಸ್ ಅಲ್ಲ. ಯಾವುದನ್ನ ಹೇಳುವಾಗ ಗಂಟಲು ಕಟ್ಟುತ್ತೋ ಅದೇ ನಿಮ್ಮದು.

ಮೂರನೇದು ಒಳಗಿರೋ ಜನರ ಜೊತೆ ಮಾತಾಡೋದು, ಇದೂ ಅಸಾಜಿಯೋಲಿ ಪದ್ಧತಿಯಿಂದ ಬಂದಿದ್ದೇ. ನಮ್ಮೊಳಗೆ ಒಬ್ರೇ ಇರಲ್ಲ, ಒಬ್ಬ ಹೆದರಿದ ಮಗು, ಒಬ್ರು ಬೈಯ್ಯೋ ಮೇಷ್ಟ್ರು, ಎಲ್ಲರನ್ನ ಮೆಚ್ಚಿಸೋಕೆ ಓಡಾಡೋಳು ಒಬ್ಳು ಹಿಂಗೆ. ನನ್ನೊಳಗೆ ದೊಡ್ಡ ಗಲಾಟೆ ಮಾಡ್ತಿದ್ದೋಳು ಆ "ಗಟ್ಟಿ ಹೆಣ್ಮಗಳು". ಎದುರಿಗೆ ಖಾಲಿ ಕುರ್ಚಿ ಹಾಕಿ ಅವಳು ಕೂತಿದಾಳೆ ಅಂತ ನೋಡಿ ಅಂದ್ರು ನನ್ನ ಥೆರಪಿಸ್ಟ್, ನೋಡಿದ್ರೆ ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಗಿಸಿಕೊಂಡು ನೆಟ್ಟಗೆ ಕೂತಿದಾಳೆ, ನಮ್ಮ ಅಜ್ಜಿ ಥರ. ಮೂರು ಪ್ರಶ್ನೆ ಕೇಳ್ಬೇಕು: ನಿಂಗೆ ಏನು ಬೇಕು ಅಂತಿದೀಯ, ನಿಂಗೆ ನಿಜವಾಗ್ಲೂ ಬೇಕಾಗಿರೋದೇನು, ನನಗೆ ನೀನು ಏನು ಕೊಡ್ಬಲ್ಲೆ. ಉತ್ತರವನ್ನ ನೋಟ್‌ಬುಕ್ಕಲ್ಲಿ ಬರೀರಿ, ತಿದ್ದದೇ. ಅವಳಿಗೆ ಬೇಕಾಗಿದ್ದು ಯಾರಾದ್ರೂ ಒಂದು ದಿನ ಬೀಗದ ಕೈ ಇಸ್ಕೊಂಡು "ನೀನು ಮಲ್ಕೋ" ಅನ್ನೋದು, ಅಷ್ಟೇ. ಅವಳನ್ನ ಓಡಿಸೋ ಅಗತ್ಯ ಬರಲಿಲ್ಲ, ಈಗಲೂ ಪರೀಕ್ಷೆ ಟೈಮಲ್ಲಿ ಅವಳೇ ನನ್ನ ಕೈ ಹಿಡಿಯೋದು.

ಇಷ್ಟಾದ ಮೇಲೆ ನಮಗಿಂತ ದೊಡ್ಡದರ ಜೊತೆ ಸೇರೋ ಅಭ್ಯಾಸ. ಇದಕ್ಕೆ ನಮ್ಮ ಜಿಲ್ಲೆಯಷ್ಟು ಒಳ್ಳೆ ಜಾಗ ಇಲ್ಲ ಅಂತ ನನ್ನ ಅಭಿಪ್ರಾಯ. ಮಾಸ್ಲೊ ಮೊದಮೊದಲು ಶಿಖರದಂಥ ಅನುಭವಗಳ ಬಗ್ಗೆ ಬರೆದ್ರು, ಇದ್ದಕ್ಕಿದ್ದಂಗೆ ಬರೋ ಆನಂದ, ಜಗತ್ತೆಲ್ಲ ಒಂದೇ ಅನ್ನಿಸೋ ಕ್ಷಣ. ಹಾರ್ಟ್ ಅಟ್ಯಾಕ್ ಆದ ಮೇಲಿನ ಕೊನೇ ವರ್ಷಗಳಲ್ಲಿ ಅವರ ಮಾತು ಬದಲಾಯ್ತು, ಪ್ರಸ್ಥಭೂಮಿಯಂಥ ಅನುಭವ ಅಂತ ಇನ್ನೊಂದನ್ನ ಹೇಳಿದ್ರು, ಅದು ಜೋರಿಲ್ಲ, ತಣ್ಣಗೆ, ದಿನನಿತ್ಯದ ಮಧ್ಯದಲ್ಲೇ ಇರೋದು, ಅಭ್ಯಾಸದಿಂದ ಬೆಳೆಸಿಕೊಳ್ಳಬಹುದಾದದ್ದು. ನಂಗೆ ಅದನ್ನ ಓದಿದಾಗ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ನೆನಪಾಯ್ತು, 1,930 ಮೀಟರ್, ಕರ್ನಾಟಕದಲ್ಲೇ ಎತ್ತರ, ಭಾನುವಾರ ಜನ ಹತ್ತಿ ಫೋಟೋ ತಗೊಂಡು ಇಳೀತಾರೆ, ಅಲ್ಲೇ ಮನೆ ಮಾಡೋಕಾಗಲ್ಲ. ನಾವು ಬದುಕೋದು ಕೆಳಗೆ, ರಾಗಿ ಬೆಳೆಯೋ ಜಾಗದಲ್ಲಿ.

ಹಾಗಾಗಿ ಅಭ್ಯಾಸವೂ ಸಣ್ಣದೇ ಇರಲಿ. ಹಳೇಬೀಡಿಗೆ ವಾರದ ದಿನ ಬೆಳಗ್ಗೆ ಹೋಗಿ, ಗೈಡ್ ಬೇಡ, ಫೋನ್ ಬ್ಯಾಗಲ್ಲಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ತಳದ ಸಾಲಲ್ಲಿ ಆನೆಗಳು ಸಾಲಾಗಿ ಹೋಗ್ತಿರ್ತವೆ, ಅದನ್ನ ಮಾತ್ರ ನೋಡ್ಕೊಂಡು, ಒಂದು ಹೆಜ್ಜೆಗೆ ಒಂದು ಉಸಿರು ಅನ್ನೋ ಹಂಗೆ ಜಗತಿ (ಗುಡಿ ನಿಂತಿರೋ ಕಟ್ಟೆ) ಮೇಲೆ ಒಂದು ಸುತ್ತು ಬನ್ನಿ. 900 ವರ್ಷದ ಹಿಂದೆ ಯಾರೋ ಕೂತು ಕೆತ್ತಿದ್ದು, ಅವರ ಮನೇಲೂ ಯಾರೋ ಸತ್ತಿದ್ರು, ಅವರಿಗೂ ಹೊಟ್ಟೇಲಿ ಕಿವುಚಿತ್ತು, ಆದ್ರೂ ಸೊಂಡಿಲಿನ ಮಡಿಕೆ ಮಡಿಕೆಯನ್ನ ಬಿಡದೇ ಕೆತ್ತಿದಾರೆ ಅನ್ನೋದು ಅಲ್ಲಿ ಮೈಗೆ ತಾಗುತ್ತೆ. ಮೊಣಕಾಲು ಚೆನ್ನಾಗಿದ್ರೆ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿ, ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ ಬಂಡೆಯ ತಂಪು ಗೊತ್ತಾಗ್ಬೇಕು ಅಂದ್ರೆ ಬೆಳಗ್ಗೆನೇ ಹೋಗ್ಬೇಕು. ಗೊಮ್ಮಟನ ಕಾಲ ಹತ್ರ ನಿಂತಾಗ ನಾನು ಚಿಕ್ಕೋಳು ಅನ್ನಿಸುತ್ತಲ್ಲ, ಆ ಚಿಕ್ಕತನದಲ್ಲಿ ಅವಮಾನ ಇರಲ್ಲ, ಒಂಥರಾ ಹಗುರ ಇರುತ್ತೆ, ಅದನ್ನ ಐದು ನಿಮಿಷ ಗಮನಿಸಿ ಸಾಕು. ಮಳೆಗಾಲದಲ್ಲಿ ಗೊರೂರು ಹಿನ್ನೀರಲ್ಲಿ ಅರ್ಧ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ದಡದಲ್ಲೂ ನಾನು ಎಷ್ಟೋ ಸಲ ಕೂತಿದೀನಿ. ಎಲ್ಲಿಗೂ ಹೋಗೋಕಾಗಲ್ಲ ಅನ್ನೋರು ಮನೆ ಮುಂದಿನ ಮರ ಒಂದನ್ನೇ ದಿನಾ ಹತ್ತು ನಿಮಿಷ ನೋಡಿ. ಏನೂ ಅನುಭವ ಆಗದಿದ್ರೆ ಏನೂ ಕೆಟ್ಟಿಲ್ಲ, ಅನುಭವ ಬೇಕು ಅಂತ ಹಟ ಹಿಡಿದ ದಿನವೇ ಇದು ಕೆಡೋದು. ಮತ್ತೆ ಇನ್ನೊಬ್ಬರಿಗೆ ಕೈಯಾರೆ ಏನಾದ್ರೂ ಮಾಡೋದು, ಪಕ್ಕದ ಮನೆ ಅಜ್ಜೀನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಇದೇ ಅಭ್ಯಾಸದ ಭಾಗ.

ಈಗ ಶಿಬಿರದ ಕಥೆ. ಪ್ಯಾನಿಕ್ ಶುರುವಾದಾಗ ಹತ್ತು ದಿನದ ಮೌನ ಶಿಬಿರಕ್ಕೆ ಹೋದ್ರೆ ಎಲ್ಲಾ ತೊಳೆದೋಗುತ್ತೆ ಅಂತ ಯಾರೋ ಹೇಳಿ ಹೋದೆ. ಯಾವ ಶಿಬಿರ ಅಂತ ಬರೆಯಲ್ಲ, ಅಲ್ಲಿ ಒಳ್ಳೆಯದಾದ ಜನರೂ ಇದಾರೆ. ನಾಲ್ಕನೇ ರಾತ್ರಿ ಮೈಯೆಲ್ಲ ನಡುಗಿ, ಗೋಡೆ ಕರಗ್ತಿರೋ ಹಂಗೆ ಕಂಡು, ನಾನು ಯಾರು ಅಂತಲೇ ಹತ್ತು ಹದಿನೈದು ನಿಮಿಷ ಗೊತ್ತಾಗ್ಲಿಲ್ಲ. ಹೋಗಿ ಹೇಳಿದ್ರೆ "ಒಳಗಿನ ಕೊಳೆ ಹೊರಗೆ ಬರ್ತಿದೆ, ಇನ್ನೂ ಹೆಚ್ಚು ಹೊತ್ತು ಕೂತ್ಕೊಳ್ಳಿ" ಅಂದ್ರು. ಐದನೇ ದಿನ ಎದ್ದು ಬಂದ್ಬಿಟ್ಟೆ, ಆಮೇಲೆ ಮೂರು ವಾರ ಸರಿಯಾಗಿ ನಿದ್ದೆ ಇಲ್ಲ. ಇಂಥದ್ದಕ್ಕೆ ಗ್ರೋಫ್ ದಂಪತಿ ಆಧ್ಯಾತ್ಮಿಕ ತುರ್ತುಸ್ಥಿತಿ ಅನ್ನೋ ಅರ್ಥದ ಹೆಸರು ಕೊಟ್ಟಿದಾರೆ. ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡೀಲೂ 1994ರ ಆವೃತ್ತಿಯಿಂದ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ ಅಂತ ಒಂದು ವಿಭಾಗ ಇದೆ, ಕಾಯಿಲೆ ಅಂತಲ್ಲ, ಗಮನ ಕೊಡಬೇಕಾದ ವಿಷಯ ಅಂತ. ನಮ್ಮಲ್ಲಿ ಎರಡು ಕಡೆಯೂ ತಪ್ಪಾಗುತ್ತೆ, ಕೆಲವರು ಇದನ್ನ ದೇವರು ಬಂದ ಅಂತಾರೆ, ಕೆಲವರು ಹುಚ್ಚು ಅಂತಾರೆ. ನಿಮಗೆ ಹೀಗಾದ್ರೆ ಕೂರೋದನ್ನ ತಕ್ಷಣ ನಿಲ್ಲಿಸಿ, ಎರಡು ದಿನದಲ್ಲಿ ನಿದ್ದೆ ಸರಿ ಹೋಗದಿದ್ರೆ ಮನೋವೈದ್ಯರನ್ನ ನೋಡಿ.

ನಾನು ಮಾಡಿದ ಮೂಲ ತಪ್ಪಿಗೆ ಒಂದು ಹೆಸರಿದೆ, ಜಾನ್ ವೆಲ್‌ವುಡ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕೊಟ್ಟಿದ್ದು, ಸ್ಪಿರಿಚುವಲ್ ಬೈಪಾಸಿಂಗ್. ಊರೊಳಗೆ ಹೋಗದೇ ಬೈಪಾಸ್ ರೋಡಲ್ಲಿ ಹೋದಂಗೆ, ನೋವಿನ ಊರೊಳಗೆ ಕಾಲಿಡದೇ ಧ್ಯಾನ, ಭಕ್ತಿ, ವೇದಾಂತದ ರೋಡಲ್ಲಿ ಸುತ್ತಿ ಹೋಗೋದು. ನಮ್ಮ ಕಡೆ ಇದು ಎಷ್ಟು ಇದೆ ಅಂದ್ರೆ ಗೊತ್ತೇ ಆಗಲ್ಲ. ಮಗು ಕಳ್ಕೊಂಡ ತಾಯಿಗೆ "ಋಣ ಅಷ್ಟೇ ಇತ್ತು" ಅನ್ನೋದು. ಸಿಟ್ಟು ಬಂದ ತಕ್ಷಣ ಜಪ ಹಿಡಿಯೋದು. "ಎಲ್ಲಾ ಮಾಯೆ" ಅಂತ ಹೇಳ್ತಾ ತಮ್ಮನ ಜೊತೆ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿರೋದು. ಎಲ್ಲಕ್ಕಿಂತ ನಂಗೆ ಸಂಕಟ ಆಗೋದು ಗಂಡನಿಂದ ಏಟು ತಿಂತಿರೋ ಹೆಣ್ಮಕ್ಕಳಿಗೆ "ಕ್ಷಮಿಸ್ಬಿಡು, ಕರ್ಮ ಕಳೆಯುತ್ತೆ" ಅಂತ ಹೇಳೋದು ಕೇಳ್ದಾಗ. ಅವರಿಗೆ ಮೊದ್ಲು ಬೇಕಾಗಿರೋದು ಸುರಕ್ಷಿತ ಜಾಗ, 181 ಮಹಿಳಾ ಸಹಾಯವಾಣಿ, ಜೊತೆಗೆ ನಿಲ್ಲೋ ಒಬ್ರು ಮನುಷ್ಯರು. ನೀವು ಧ್ಯಾನ ಮಾಡ್ತಾ ಮಾಡ್ತಾ ಮನೆಯವರಿಂದ ದೂರ ಆಗ್ತಿದೀರಾ, ನಂಗೆ ಯಾವ ಭಾವನೆಯೂ ಇಲ್ಲ ಅನ್ನೋದು ಹೆಮ್ಮೆ ಆಗ್ತಿದ್ಯಾ, ಬೇರೆಯವರು ಅತ್ರೆ ಕಿರಿಕಿರಿ ಆಗುತ್ತಾ, ಹಂಗಿದ್ರೆ ಅಭ್ಯಾಸ ನಿಲ್ಲಿಸಿ ವಾಪಸ್ಸು ಮೊದಲನೇದಕ್ಕೆ ಹೋಗಿ, ಹೊಟ್ಟೇಲಿ ಏನಿದೆ ನೋಡಿ. ದೊಡ್ಡಪ್ಪನ ಮೇಲೆ ನಂಗೆ ಕೋಪ ಇಲ್ಲ. ಅವರು ತಮ್ಮನನ್ನ ಕಳ್ಕೊಂಡಿದ್ರು, ಅವರಿಗೂ ಯಾರೂ ಅಳೋಕೆ ಬಿಟ್ಟಿರ್ಲಿಲ್ಲ.

ಥೆರಪಿಸ್ಟ್ ಹುಡುಕೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ಹಾಸನ, ಚಿಕ್ಕಮಗಳೂರಲ್ಲಿ ಟ್ರಾನ್ಸ್‌ಪರ್ಸನಲ್ ಅಂತಲೇ ಬೋರ್ಡ್ ಹಾಕಿರೋರನ್ನ ಹುಡುಕೋ ಬದ್ಲು ಒಳ್ಳೆ ತರಬೇತಿ ಇರೋರನ್ನ ಹುಡುಕಿ, ಆನ್‌ಲೈನಲ್ಲಿ ಬೆಂಗಳೂರು ಮೈಸೂರಿನವರೂ ಸಿಗ್ತಾರೆ, ನಂದೂ ಆನ್‌ಲೈನೇ. ಆ ಹೆಸರಿಗೆ ಬೇರೆ ಸರ್ಕಾರಿ ಲೈಸೆನ್ಸ್ ಅಂತ ಇಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು, ಅದಕ್ಕೇ ಹುಷಾರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಕೇಳಿ, ಕೇಳೋದು ಅಗೌರವ ಅಲ್ಲ. ಕೌನ್ಸೆಲರ್ ಆದ್ರೆ ಏನು ಓದಿದೀರಿ, ಎಷ್ಟು ವರ್ಷ, ನಿಮ್ಮ ಮೇಲೆ ಸೂಪರ್‌ವೈಸರ್ ಇದಾರಾ, ನಂಗೆ ಮಾತ್ರೆ ಬೇಕು ಅನ್ನಿಸಿದ್ರೆ ಯಾರ ಹತ್ರ ಕಳಿಸ್ತೀರಿ ಅಂತ ಕೇಳಿ. ಮಾತ್ರೆ ನಿಲ್ಲಿಸಿ ಅನ್ನೋರು, ಮೊದಲನೇ ದಿನವೇ ನಿಮ್ಮ ಹಿಂದಿನ ಜನ್ಮ ಹೇಳೋರು, ಕೇಳದೇ ಮೈ ಮುಟ್ಟೋರು, ಮೂರನೇ ಸಲಕ್ಕೆ ದೊಡ್ಡ ಕೋರ್ಸ್ ಮಾರೋರು, ಇವರಿಂದ ಎದ್ದು ಬನ್ನಿ. ನೀವು ಹೇಳಿದ್ದನ್ನ ಗುಟ್ಟಾಗಿಡೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಹಕ್ಕು, ಚಿಕ್ಕ ಊರಲ್ಲಿ ಇದು ದೊಡ್ಡ ವಿಷಯ.

ಮನೇಲಿ ಹತ್ತು ಜನ ಇರೋರಿಗೆ ಆನ್‌ಲೈನ್ ಸೆಷನ್ನಿಗೆ ಜಾಗ ಎಲ್ಲಿ ಅನ್ನೋದೂ ಪ್ರಶ್ನೆ. ನಾನು ಮೊದಲ ಆರು ತಿಂಗಳು ಕಾರಲ್ಲಿ ಕೂತು ಮಾತಾಡ್ದೆ, ಮಹಾರಾಜ ಪಾರ್ಕ್ ಹತ್ರ ಮರದ ನೆರಳಲ್ಲಿ ನಿಲ್ಲಿಸಿಕೊಂಡು, ಇಯರ್‌ಫೋನ್ ಹಾಕಿ. ತೋಟದವರು ಲೈನ್ ಮನೆ ಹಿಂದೆ ಸಿಗ್ನಲ್ ಸಿಗೋ ಜಾಗ ನೋಡ್ಕೊಳ್ಳಿ. ಅಮ್ಮನಿಗೆ ಮೊದ್ಲು ಹೇಳಿರ್ಲಿಲ್ಲ, ಆಮೇಲೆ "ಅಪ್ಪನ ಬಗ್ಗೆ ಮಾತಾಡೋಕೆ ಒಬ್ರು ಸಿಕ್ಕಿದಾರಮ್ಮ" ಅಂದೆ, ಅಮ್ಮ ಸ್ವಲ್ಪ ಹೊತ್ತು ಬಿಟ್ಟು "ನಂಗೂ ಮಾತಾಡಿಸ್ತೀಯಾ" ಅಂದ್ರು.

ಕೊನೇಗೆ ಒಂದು, ಅಭ್ಯಾಸದ ಮಧ್ಯೆ ಯಾವತ್ತಾದ್ರೂ ತಲೆ ಹಗುರಾಗಿ ತೇಲ್ದಂಗೆ, ಸುತ್ತ ಇರೋದೆಲ್ಲ ದೂರ ಹೋದಂಗೆ ಆದ್ರೆ ಅದನ್ನ ಸಾಧನೆ ಅನ್ಕೋಬೇಡಿ, ನೆಲಕ್ಕೆ ಇಳೀರಿ. ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತ್ಕೊಳ್ಳಿ. ತಣ್ಣೀರಲ್ಲಿ ಕೈಕಾಲು ಮುಖ ತೊಳೆದು ಬಿಸಿ ಬಿಸಿ ಏನಾದ್ರೂ ತಿನ್ನಿ, ಖಾಲಿ ಹೊಟ್ಟೇಲಿ ಇರ್ಬೇಡಿ. ಪಕ್ಕದಲ್ಲಿರೋರ ಹತ್ರ ಮಾತಾಡಿ, ಮಳೆ ಬಿಸಿಲಿನ ಬಗ್ಗೆ ಆದ್ರೂ ಸರಿ. ಬೆರಳಿಗೆ ಕೆಲಸ ಕೊಡಿ, ಸೊಪ್ಪು ಬಿಡಿಸೋದು, ಬಟ್ಟೆ ಮಡಚೋದು. ಸೊಗಡವರೆ ಕಾಲ ಆಗಿದ್ರೆ ಕಾಳು ಹಿತಕೋಕೆ ಕೂತ್ಕೊಳ್ಳಿ, ನಮ್ಮನೇಲಿ ಈಗ ಅದು ನನ್ನ ಕೆಲಸ, ಅಮ್ಮನಿಗೆ ಮಾಡೋಕೆ ಬಿಡಲ್ಲ.